ಚಿನ್ನದ ಗಣಿಯೂ ಮನೆತನದ ಉಯಿಲುಗಳೂ

ಕೋಲಾರದ ಚಿನ್ನದ ಗಣಿಯ ಇತಿಹಾಸವು ಬಹುಮಟ್ಟಿಗೆ ಸರ್ಕಾರದ ಕಾಗದಗಳಿಂದಲೂ ಕಂಪನಿಗಳ ವರದಿಗಳಿಂದಲೂ ರಚಿತವಾದುದು. 1802ರಲ್ಲಿ ಲೆಫ್ಟೆನೆಂಟ್ ವಾರನ್ ಮಾರಿಕುಪ್ಪದ ಹಳೆಯ ಗುಂಡಿಗಳಲ್ಲಿ ಗ್ರಾಮಸ್ಥರು ಅದುರು ತೆಗೆಯುತ್ತಿದ್ದುದನ್ನು ಕಂಡುದು, 1875ರಲ್ಲಿ ಲ್ಯಾವೆಲ್ ಗಣಿಗಾರಿಕೆಯ ಹಕ್ಕನ್ನು ಪಡೆದುದು, 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಕೆಲಸಕ್ಕೆ ಕೈಹಾಕಿದುದು, 2001ರಲ್ಲಿ ಗಣಿ ನಿಂತುದು, ಇವೆಲ್ಲ ವಿದಿತವಾದ ಸಂಗತಿಗಳು. ಇವುಗಳಲ್ಲಿ ಮನೆವಾರ್ತೆಯ ಮಾತು ಕಡಮೆ. ಆ ಕೊರತೆಯನ್ನು ನೀಗಲು ಸುತ್ತಣ ಊರುಗಳ ಹಳೆಯ ಮನೆತನಗಳ ಉಯಿಲುಗಳನ್ನು ಶೋಧಿಸುವುದು ಶ್ಲಾಘ್ಯವೇ ಸರಿ. ಆದರೆ ಕಾವ್ಯದಂತೆ ಉಯಿಲಿಗೂ ತನ್ನದೇ ಆದ ಸಂಪ್ರದಾಯವುಂಟು; ಅದನ್ನರಿಯದೆ ಓದಿದವನು ತಪ್ಪು ತೀರ್ಮಾನಕ್ಕೆ ಬರುವನು.

ಉಯಿಲಿನಲ್ಲಿ ಕಾಸಿನ ಸರ, ಡಾಬು, ಬಳೆಗಳ ಪಟ್ಟಿ ಕಂಡೊಡನೆ ಅದು ಗಣಿಯ ಚಿನ್ನವೆಂದು ಹಿಗ್ಗುವುದು ಸಲ್ಲದು. ಗಣಿಯ ಚಿನ್ನವು ಬಹುಕಾಲ ಗಟ್ಟಿಗಳಾಗಿ ಹಡಗೇರಿ ಇಂಗ್ಲೆಂಡಿಗೆ ಸಾಗುತ್ತಿದ್ದಿತು. ಕೋಲಾರದ ಮನೆಯ ಒಡವೆ ಪೇಟೆಯಲ್ಲಿ ಕೊಂಡುದಾಗಿರಬಹುದು. ಗಣಿಯ ನಿಜವಾದ ಸುಳಿವು ಒಡವೆಯಲ್ಲಿಲ್ಲ. ಗಣಿಗೆ ಸೌದೆ ಒದಗಿಸಿದ ಗುತ್ತಿಗೆಯಲ್ಲಿ, ಅಂಗಡಿಯ ಬಾಕಿಯಲ್ಲಿ, ಬಾಡಿಗೆಯ ಮನೆಗಳಲ್ಲಿ, ಕಂಪನಿಯ ಷೇರುಗಳಲ್ಲಿ ಅದನ್ನು ಅರಸಬೇಕು.

ಎರಡನೆಯ ಎಚ್ಚರಿಕೆ ಧರ್ಮಶಾಸ್ತ್ರಕ್ಕೆ ಸಂಬಂಧಿಸಿದುದು. ಮಿತಾಕ್ಷರ ಪದ್ಧತಿಯಲ್ಲಿ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಪಾಲನ್ನು ಉಯಿಲಿನ ಮೂಲಕ ಕೊಡಲು ಅಧಿಕಾರವಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಅದಕ್ಕೆ ಎಡೆಮಾಡಿದುದು. ಆದಕಾರಣ ಹಳೆಯ ಉಯಿಲುಗಳಲ್ಲಿ ಮುಖ್ಯವಾಗಿ ಸ್ವಯಾರ್ಜಿತವೇ ಕಾಣುವುದು. ಗಣಿಗೆ ಹೋದ ಹೊಲವಾವುದು, ಅಡವಿಟ್ಟ ಗದ್ದೆಯಾವುದು ಎಂಬುದನ್ನು ತಿಳಿಯಲು ವಿಭಾಗಪತ್ರ, ಕ್ರಯಪತ್ರ, ಭೋಗ್ಯಪತ್ರಗಳನ್ನು ಜೊತೆಗಿಟ್ಟು ನೋಡಬೇಕು. ಅಂಥ ಹೋಲಿಕೆಯಿಲ್ಲದ ಇತಿಹಾಸವು ಗಳಿಕೆಯ ಕಥೆಯಾಗುವುದೇ ಹೊರತು ನಷ್ಟದ ಲೆಕ್ಕವಾಗದು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ಉಯಿಲು ಬರೆಯುವವನು ಆಸ್ತಿವಂತ. ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದು, ಕಂಪನಿಯ ಗುಡಿಸಲಲ್ಲಿ ಬಾಳಿ, ಭೂಗರ್ಭದಲ್ಲಿ ದುಡಿದ ಕೂಲಿಗಾರನು ಏನನ್ನು ಬರೆದಿಟ್ಟಾನು? ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರನ ಉಯಿಲು ಅವನ ದೇಶದ ದಫ್ತರಗಳಲ್ಲಿ ದೊರೆಯಬಹುದು. ಅವನ ಪಕ್ಕದಲ್ಲಿ ಬಂಡೆ ಕೊರೆದವನ ಹೆಸರು ಕೂಲಿಯ ಪಟ್ಟಿಯಲ್ಲೋ ಅಪಘಾತದ ದಾಖಲೆಯಲ್ಲೋ ದೊರೆತರೆ ಅದೇ ಭಾಗ್ಯ.

ಇಷ್ಟರಿಂದ ಉಯಿಲುಗಳು ನಿಷ್ಪ್ರಯೋಜಕವೆಂದು ಎಣಿಸಬಾರದು. ಯಾರ ಮನೆಗೆ ಗಣಿಯ ಲಾಭ ಹೇಗೆ ಹರಿಯಿತೆಂಬುದಕ್ಕೆ ಅವು ಉತ್ತಮ ಸಾಕ್ಷಿಗಳು. ಮನೆಮನೆಯ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ತುತ್ತಾಗುವ ಮುನ್ನ ಅವುಗಳ ಪ್ರತಿ ತೆಗೆದಿಡುವುದು ಕರ್ತವ್ಯ. ಅದರೊಡನೆ ಕೂಲಿಗಾರರ ಕುಟುಂಬಗಳ ಬಾಯಿಮಾತನ್ನೂ ಬರೆದಿಟ್ಟರೆ ಮಾತ್ರ ಆ ಇತಿಹಾಸವು ಜಿಲ್ಲೆಯೆಲ್ಲದರ ಇತಿಹಾಸವಾದೀತು.