ತೇಜಸ್ವಿ ಓದುಗರ ಜಗಳ

ಪೂರ್ಣಚಂದ್ರ ತೇಜಸ್ವಿಯವರ ಓದುಗರು ಇಬ್ಬರು ಸೇರಿದರೆ ಸಾಕು, ಯಾವ ಕಾದಂಬರಿ ಮೇಲು ಎಂಬ ವಾದ ಶುರುವಾಗುತ್ತದೆ. ಬಸ್ಸಿನಲ್ಲಿ ಹಿಡಿದರೆ ಇಳಿಯುವ ಊರೇ ಮರೆಯುವಂತೆ ಓದಿಸಿಕೊಳ್ಳುವುದು ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಒಂದೇ ದಿನದಲ್ಲಿ ಎಂಥ ಜಾಲದೊಳಗೆ ಸಿಕ್ಕಿಕೊಳ್ಳುತ್ತಾರೆ! ‘ಚಿದಂಬರ ರಹಸ್ಯ’ದ ಪಕ್ಷದವರು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ನೆನಪಿಸುತ್ತಾರೆ. ಕೆಸರೂರೆಂಬ ಊರಿನ ಜಾತಿ, ರಾಜಕೀಯ, ಮೂಢನಂಬಿಕೆ ಎಲ್ಲವನ್ನೂ ಪತ್ತೇದಾರಿ ಕಥೆಯೊಳಗೆ ತುಂಬಿದ್ದು ಸಾಮಾನ್ಯ ಸಾಧನೆಯಲ್ಲ, ಒಪ್ಪುತ್ತೇನೆ.

ಆದರೂ ನನ್ನ ಮತ 1980ರ ‘ಕರ್ವಾಲೊ’ಗೇ. ಕಾರಣ ಮಂದಣ್ಣ. ಜೇನು ಹಿಡಿಯುವ, ಮದುವೆಯ ಚಿಂತೆಯಲ್ಲೇ ಮುಳುಗಿದ, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುವ ಹಳ್ಳಿ ಹುಡುಗ. ಊರವರಿಗೆ ಅವನು ಶುದ್ಧ ಪೆದ್ದ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟಾ ನಿಸರ್ಗ ಶೋಧಕನನ್ನು ಕಾಣುತ್ತಾರೆ, ಅವನ ಮಾತು ನಂಬಿ ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೊರಡುತ್ತಾರೆ. ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವ ಯೆಂಗ್ಟ, ಕಿವಿ ಎಂಬ ನಾಯಿ, ಎಲ್ಲರಿಗೂ ಆ ತಂಡದಲ್ಲಿ ಜಾಗವಿದೆ. ಯಾರೂ ಯಾರಿಗಿಂತ ಕಡಿಮೆಯಲ್ಲ. ಆ ಓತಿಯ ಹುಡುಕಾಟದ ನೆಪದಲ್ಲಿ ವಿಕಾಸವಾದದಂಥ ಗಹನ ವಿಷಯವನ್ನು ಇಷ್ಟು ನಗಿಸುತ್ತ ಹೇಳಿದ ಇನ್ನೊಂದು ಕನ್ನಡ ಕಾದಂಬರಿಯನ್ನು ನಾನಂತೂ ಓದಿಲ್ಲ.