ಹಡಗಿನ ಹಾರರ್‌ಗೆ ದೆವ್ವವೇ ಬೇಕಾಗಿಲ್ಲ

ದೆವ್ವದ ಸಿನಿಮಾ ನೋಡುವಾಗ ಎಲ್ಲರ ಬಾಯಲ್ಲೂ ಬರೋದು ಒಂದೇ ಪ್ರಶ್ನೆ: "ಅಲ್ಲಾ ಕಣ್ರೀ, ಇಷ್ಟೆಲ್ಲಾ ಆಗ್ತಿದ್ರೂ ಇವ್ರು ಮನೆ ಬಿಟ್ಟು ಯಾಕೆ ಹೋಗಲ್ಲ?" ‘ಆಪ್ತಮಿತ್ರ’ ನೋಡುವಾಗಲೂ ಇದನ್ನೇ ಕೇಳಿದ್ವಿ. ನಮ್ಮೂರಲ್ಲಿ ಹುಣಸೆಮರದ ದೆವ್ವಕ್ಕೆ ಹೆದರುವವರು ಕತ್ತಲಾದ ಮೇಲೆ ಕೆರೆ ಏರಿ ಸುತ್ತಿಕೊಂಡು ಮನೆ ಸೇರುತ್ತಿದ್ದರು. ಒಂದು ಮೈಲಿ ಜಾಸ್ತಿ ನಡೀಬೇಕಿತ್ತು, ಅಷ್ಟೆ. ದೆವ್ವದ ಪಾಡಿಗೆ ದೆವ್ವ, ಇವರ ಪಾಡಿಗೆ ಇವರು.

ಹಡಗಿನ ಹಾರರ್ ಸಿನಿಮಾಗಳಿಗೆ ಈ ತಲೆನೋವಿಲ್ಲ. ಸುತ್ತ ನೀರು, ಹೋಗೋದಾದ್ರೂ ಎಲ್ಲಿಗೆ? ಬೇರೆ ನಿರ್ದೇಶಕರು ಅರ್ಧ ಗಂಟೆ ಒದ್ದಾಡಿ ಕಟ್ಟುವ ಇಕ್ಕಟ್ಟು ಇವರಿಗೆ ಪುಕ್ಕಟೆ ಸಿಗುತ್ತೆ. ಆದರೂ ಈ ಜಾತಿಯ ಸಿನಿಮಾಗಳಲ್ಲಿ ಹೆಚ್ಚಿನವು ಮುಳುಗುತ್ತವೆ. ಯಾಕೆ?

‘ಘೋಸ್ಟ್ ಶಿಪ್’ (2002) ತಗೊಳ್ಳಿ. ಶುರುವಿನ ದೃಶ್ಯ ಮರೆಯೋಕಾಗಲ್ಲ. 1962ನೇ ಇಸವಿ, ಇಟಲಿಯ ಐಷಾರಾಮಿ ಹಡಗು, ಡೆಕ್ ಮೇಲೆ ಜೋಡಿಗಳ ನೃತ್ಯ. ಬಿಗಿಯಾದ ಉಕ್ಕಿನ ತಂತಿಯೊಂದು ಸರ್ರನೆ ಅವರ ನಡುವೆ ಹಾದು ಹೋಗುತ್ತೆ. ಒಂದು ಕ್ಷಣ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಎಲ್ಲರೂ ನಿಂತಿರುತ್ತಾರೆ. ಆಮೇಲೆ ಒಬ್ಬೊಬ್ಬರೇ ಎರಡು ತುಂಡು. ಗಿಡ್ಡಗಿದ್ದ ಪುಟ್ಟ ಹುಡುಗಿಯೊಬ್ಬಳು ಮಾತ್ರ ಬಚಾವ್. ಇಷ್ಟು ಒಳ್ಳೆ ಆರಂಭ ಕೊಟ್ಟು, ಮುಂದಿನದ್ದೆಲ್ಲಾ ಚಿನ್ನದ ಗಟ್ಟಿ, ಸೈತಾನನ ಒಪ್ಪಂದ ಅಂತ ವಿವರಣೆ ಕೊಡೋದರಲ್ಲೇ ಕಳೆದುಹೋಗುತ್ತೆ. ಪಿಪಿಟಿ ಹಾಕಿ ವಿವರಿಸಿದ ದೆವ್ವಕ್ಕೆ ಯಾರು ಹೆದರ್ತಾರೆ?

ಬ್ರಾಮ್ ಸ್ಟೋಕರ್‌ಗೆ ಇದು 1897ರಲ್ಲೇ ಗೊತ್ತಿತ್ತು. ‘ಡ್ರಾಕುಲಾ’ ಕಾದಂಬರಿಯಲ್ಲಿ ಡಿಮೀಟರ್ ಹಡಗಿನ ಕಥೆ ಬರೋದು ಕ್ಯಾಪ್ಟನ್ ಬರೆದಿಟ್ಟ ದಿನಚರಿಯಲ್ಲಿ. ಇವತ್ತು ಒಬ್ಬ ಕಾಣ್ತಿಲ್ಲ, ಕೆಲವು ದಿನ ಬಿಟ್ಟು ಇನ್ನೊಬ್ಬ. ಹಾಜರಾತಿ ಪುಸ್ತಕದಿಂದಲೇ ಮೈ ನಡುಗುತ್ತೆ. 2023ರಲ್ಲಿ ಅದನ್ನೇ ಸುಮಾರು ಎರಡು ಗಂಟೆಯ ಸಿನಿಮಾ ಮಾಡಿದರು. ಅಲ್ಲಿ ರಾಕ್ಷಸ ಚೆನ್ನಾಗಿ ಕಾಣ್ತಾನೆ, ಭಯ ಕಾಣಲ್ಲ.

ನಮ್ಮ ಹಿಂದಿಯ ‘ಭೂತ್: ದಿ ಹಾಂಟೆಡ್ ಶಿಪ್’ (2020) ಇನ್ನೊಂದು ರೀತಿ ಎಡವಿದ್ದು. 2011ರಲ್ಲಿ ಎಂವಿ ವಿಸ್ಡಮ್ ಅನ್ನೋ ಹಡಗು ನಿಜವಾಗಿಯೂ ಮುಂಬೈನ ಜುಹೂ ಬೀಚಿಗೆ ಬಂದು ಸಿಕ್ಕಿಹಾಕಿಕೊಂಡಿತ್ತು. ಸಿನಿಮಾದ ಹಡಗೂ ಅಲ್ಲೇ ನಿಲ್ಲುತ್ತೆ. ಹಡಗಿನೊಳಗೆ ಹೆದರಿದ ವಿಕ್ಕಿ ಕೌಶಲ್ ಇಳಿದು ಮನೆಗೆ ಹೋಗಬಹುದು. ಹೋಗ್ತಾನೆ ಕೂಡ! ಮತ್ತೆ ಅದೇ ಹಳೇ ಪ್ರಶ್ನೆ: ವಾಪಸ್ ಯಾಕಪ್ಪಾ ಹೋಗ್ತೀಯ?

ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದು ‘ಟ್ರಯಾಂಗಲ್’ (2009). ಬಿರುಗಾಳಿಗೆ ಸಿಕ್ಕಿದ ಗೆಳೆಯರು ಖಾಲಿ ಹಡಗೊಂದನ್ನು ಹತ್ತುತ್ತಾರೆ, ಅಲ್ಲಿ ಎಲ್ಲವೂ ಮತ್ತೆ ಮತ್ತೆ ನಡೆಯುತ್ತೆ. ಡೆಕ್ ಮೇಲೆ ಒಬ್ಬಳೇ ಹೆಂಗಸಿನ ಹೆಣಗಳ ರಾಶಿ ಬಿದ್ದಿರೋದನ್ನ ನೋಡಿದಾಗ ಹೊಟ್ಟೆಯೊಳಗೆ ಏನೋ ಕುಸಿಯುತ್ತೆ. ಬ್ರೇಕ್ ಕಂಡಿಷನ್ ಇಲ್ಲದ ಲೂಪ್ ಅದು. ನಾಯಕಿಯನ್ನು ಅಲ್ಲಿ ಕಟ್ಟಿಹಾಕಿರೋದು ನೀರಲ್ಲ, ಮಗನನ್ನು ಉಳಿಸಿಕೊಳ್ಳುವ ಆಸೆ.

ನನ್ನ ಲೆಕ್ಕದಲ್ಲಿ ಇವೆಲ್ಲದರ ಮೇಲಿರೋದು ದಕ್ಷಿಣ ಕೊರಿಯಾದ ‘ಹೇಮೂ’ (2014). ಹೆಸರಿನ ಅರ್ಥ ಕಡಲಿನ ಮಂಜು. ಚಿತ್ರಕಥೆ ಬರೆದವರಲ್ಲಿ ‘ಪ್ಯಾರಾಸೈಟ್’ನ ಬಾಂಗ್ ಜೂನ್ ಹೋ ಒಬ್ಬರು. ಮೀನುಗಾರಿಕೆ ನೆಲಕಚ್ಚಿದೆ, ದೋಣಿ ಕೈತಪ್ಪುವ ಹಾಗಿದೆ. ಅದನ್ನು ಉಳಿಸಿಕೊಳ್ಳೋಕೆ ಕ್ಯಾಪ್ಟನ್ ಕಳ್ಳದಾರಿಯಲ್ಲಿ ವಲಸಿಗರನ್ನು ಸಾಗಿಸಲು ಒಪ್ಪುತ್ತಾನೆ. ತಪಾಸಣೆ ಬಂದಾಗ ಅವರನ್ನು ಮೀನು ತುಂಬುವ ಕೋಣೆಗೆ ತುರುಕುತ್ತಾರೆ. ಅಲ್ಲಿ ಗ್ಯಾಸ್ ಸೋರಿ ಜನ ಸಾಯ್ತಾರೆ. ಹೆಣಗಳನ್ನು ಸಮುದ್ರಕ್ಕೆ ಎಸೀಬೇಕು ಅಂತ ಕ್ಯಾಪ್ಟನ್ ಹುಕುಂ. ಮೊನ್ನೆವರೆಗೆ ಬಲೆ ಎಳೀತಿದ್ದ, ತಮಾಷೆ ಮಾಡ್ಕೊಂಡಿದ್ದ ಕೈಗಳು ಆ ಕೆಲಸಕ್ಕೆ ಇಳಿಯುತ್ತವೆ. ಒಂದೇ ಒಂದು ದೆವ್ವ ಇಲ್ಲ. 2001ರಲ್ಲಿ ಕೊರಿಯಾದ ದೋಣಿಯೊಂದರಲ್ಲಿ ಹೀಗೇ 25 ಜನ ಉಸಿರುಗಟ್ಟಿ ಸತ್ತು, ಅವರ ಹೆಣಗಳನ್ನು ಕಡಲಿಗೆ ಎಸೆದಿದ್ದರು. ಕಥೆಯ ಮೂಲ ಅದು.

ಇಲ್ಲಿ ಹೆದರಿಸೋದು ಕ್ಯಾಪ್ಟನ್‌ನ ಕ್ರೌರ್ಯ ಮಾತ್ರ ಅಲ್ಲ, ಉಳಿದವರ ವಿಧೇಯತೆ. ‘ನಾವೆಲ್ಲ ಒಂದೇ ದೋಣಿಯ ಪಯಣಿಗರು’ ಅಂತ ನಮ್ಮ ಮ್ಯಾನೇಜರುಗಳೂ ಹೇಳ್ತಿರ್ತಾರೆ. ಆದರೆ ನಮಗೆ ನೋಟಿಸ್ ಪೀರಿಯಡ್ ಇದೆ, ರಾಜೀನಾಮೆ ಪತ್ರ ಇದೆ. ನಡುಗಡಲಲ್ಲಿ "ನಾನು ಈ ಕೆಲಸ ಮಾಡಲ್ಲ" ಅಂದವನು ಎಲ್ಲಿಗೆ ಹೋಗಬೇಕು?

ದಡ ಕಂಡರೆ ಸಾಕು ಅಂತಲೂ ಹೇಳೋ ಹಾಗಿಲ್ಲ. 2017ರಲ್ಲಿ ಈಜಿಪ್ಟ್‌ನಲ್ಲಿ ‘ಅಮಾನ್’ ಅನ್ನೋ ಸರಕು ಹಡಗನ್ನು ತಡೆಹಿಡಿದರು. ಅಲ್ಲಿನ ಕೋರ್ಟು ಸಿರಿಯಾದ ಅಧಿಕಾರಿಯೊಬ್ಬನನ್ನು ಹಡಗಿನ ಕಾನೂನುಬದ್ಧ ಪಾಲಕ ಅಂತ ಮಾಡಿತು. ಜೊತೆಯವರೆಲ್ಲ ಹೋದರು, ಇವನು ಉಳಿದ. ಅಮ್ಮ ತೀರಿಕೊಂಡ ಸುದ್ದಿ ಬಂದಿದ್ದೂ ಅಲ್ಲಿರುವಾಗಲೇ. ಆಮೇಲಾಮೇಲೆ ಕರೆಂಟಿಲ್ಲದ ಆ ಹಡಗಿನಲ್ಲಿ ಅವನೊಬ್ಬನೇ. ಬಿರುಗಾಳಿಗೆ ಹಡಗು ದಡದ ಹತ್ತಿರ ಬಂದ ಮೇಲೆ, ಫೋನ್ ಚಾರ್ಜ್ ಮಾಡೋಕೆ, ಊಟ ತರೋಕೆ ಈಜಿ ಹೋಗಿ, ಮತ್ತೆ ಹಡಗಿಗೇ ವಾಪಸ್ ಬರ್ತಿದ್ದ. ಬಿಡುಗಡೆ ಆಗಿದ್ದು 2021ರ ಏಪ್ರಿಲ್‌ನಲ್ಲಿ. ಅಮಾನ್ ಅಂದರೆ ಅರಬ್ಬಿಯಲ್ಲಿ ಸುರಕ್ಷತೆ!

ಜುಹೂ ಹಡಗಿನ ತೊಂದರೆ ದಡದ ಹತ್ತಿರ ಇದ್ದದ್ದಲ್ಲ ಅನ್ನೋದು ಈ ಕಥೆ ಕೇಳಿದರೆ ಗೊತ್ತಾಗುತ್ತೆ. ಮನುಷ್ಯನನ್ನು ಹಡಗಿಗೆ ಕಟ್ಟಿಹಾಕೋದು ಏನು ಅಂತ ಆ ಸಿನಿಮಾ ಹುಡುಕಲೇ ಇಲ್ಲ. ಸಾಲ, ಸಂಬಳ, ಸಹಿ, ಹುಕುಂ: ‘ಹೇಮೂ’ ಹುಡುಕಿದ್ದು ಇವನ್ನ. ಈ ವೀಕೆಂಡ್ ನೋಡಿ. ಊಟ ಮುಗಿಸಿಕೊಂಡು ಕೂತರೆ ಒಳ್ಳೇದು.