ಲೇಸ್ ಹೆಣೆದವರ ಲೆಕ್ಕ

ಪರಿಸರ ಸ್ತ್ರೀವಾದದ ಮಾತು ಬಂದಲ್ಲೆಲ್ಲ ಮರಿಯಾ ಮೀಸ್ ಮತ್ತು ವಂದನಾ ಶಿವ ಸೇರಿ 1993ರಲ್ಲಿ ಹೊರತಂದ ‘ಇಕೋಫೆಮಿನಿಸಂ’ ಪುಸ್ತಕದ ಹೆಸರು ಬಂದೇ ಬರುತ್ತದೆ. 2023ರಲ್ಲಿ ತೀರಿಕೊಂಡ ಜರ್ಮನ್ ಸಮಾಜಶಾಸ್ತ್ರಜ್ಞೆ ಮೀಸ್ ಅವರ ದೊಡ್ಡ ಪುಸ್ತಕ ಅದೇ ಎಂಬ ನಂಬಿಕೆಯೂ ಇದೆ. ನನಗೆ ಹಾಗನ್ನಿಸಿಲ್ಲ. ಅದಕ್ಕೂ ಹನ್ನೊಂದು ವರ್ಷ ಮೊದಲು ಮೀಸ್ ಒಂದು ತೆಳ್ಳನೆಯ ಪುಸ್ತಕ ಬರೆದರು: ‘ದ ಲೇಸ್ ಮೇಕರ್ಸ್ ಆಫ್ ನರಸಾಪುರ್’. ಪರಿಸರದ ಹೆಸರೆತ್ತದ ಆ ಪುಸ್ತಕವೇ ಪರಿಸರ ಸ್ತ್ರೀವಾದಕ್ಕೆ ಬೇಕಾದ ಕಣ್ಣನ್ನು ಕೊಟ್ಟಿತ್ತು. ಮುಂದೆ ಆ ಕಣ್ಣು ಮಂಜಾಯಿತು.

ನರಸಾಪುರ ಇರುವುದು ಆಂಧ್ರದ ಪಶ್ಚಿಮ ಗೋದಾವರಿಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಅಲ್ಲಿನ ಹೆಂಗಸರಿಗೆ ಕ್ರೋಶೆ ಕಡ್ಡಿ ಹಿಡಿಯಲು ಕಲಿಸಿದರು. ಮೀಸ್ ಅಲ್ಲಿಗೆ ಹೋಗುವ ಹೊತ್ತಿಗೆ ಅದು ವಿದೇಶಕ್ಕೆ ಮಾಲು ಕಳಿಸುವ ಉದ್ದಿಮೆಯಾಗಿ ಬೆಳೆದಿತ್ತು. ಏಜೆಂಟ್ ನೂಲು ತಂದು ಕೊಡುತ್ತಾನೆ. ಒಬ್ಬಳು ಹೂವು ಮಾತ್ರ ಹೆಣೆಯುತ್ತಾಳೆ, ಇನ್ನೊಬ್ಬಳು ಹೂವುಗಳನ್ನು ಜೋಡಿಸುತ್ತಾಳೆ. ಜೋಡಿಸಿದ್ದು ಮೇಜಿನ ಹೊದಿಕೆಯಾಗಿ ಯಾವ ದೇಶಕ್ಕೆ ಹೋಗುತ್ತದೆ, ಎಷ್ಟಕ್ಕೆ ಮಾರಾಟವಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಅಡಿಗೆ, ನೀರು, ಮಕ್ಕಳು ಎಲ್ಲ ಮುಗಿಸಿ ದಿನಕ್ಕೆ ಆರರಿಂದ ಎಂಟು ಗಂಟೆ ಹೆಣಿಗೆ. ಆದರೂ ವ್ಯಾಪಾರಿಗಳ ಮಾತಿನಲ್ಲಿ ಅದು ಬಿಡುವಿನ ವೇಳೆಯ ಕಸುಬು, ಹೊತ್ತು ಕಳೆಯುವ ಕೆಲಸ. ಜನಗಣತಿಯ ಲೆಕ್ಕದಲ್ಲೂ ಅವರು ಕೆಲಸಗಾರರಲ್ಲ.

ಪುಸ್ತಕದ ಅಸಲು ಬಲ ಇರುವುದು ಮುಂದಿನ ಹೆಜ್ಜೆಯಲ್ಲಿ. ಲೇಸ್ ಹೆಣೆಯುವವರಲ್ಲಿ ಕಾಪು ಜಾತಿಯ ಹೆಂಗಸರೇ ಹೆಚ್ಚು. ಗೋಷಾ ಪದ್ಧತಿ, ಹೊಲಕ್ಕಿಳಿಯುವುದು ಅವಮಾನ. ಅದೇ ಊರಿನ ದಲಿತ ಹೆಂಗಸರು ಗದ್ದೆಯಲ್ಲಿ ದುಡಿದು ಇವರಿಗಿಂತ ಹೆಚ್ಚು ಕೂಲಿ ಪಡೆಯುತ್ತಿದ್ದರು. ಕಡಿಮೆ ಸಿಕ್ಕವಳು ತಾನೇ ಮೇಲಿನವಳೆಂದುಕೊಂಡಿದ್ದಳು, ಏಕೆಂದರೆ ಅವಳು ಮನೆಯೊಳಗೆ ಕೂತಿದ್ದಳು. ಇತ್ತ ಅದೇ ಜಾತಿಯ ಗಂಡಸರು ಹಸಿರು ಕ್ರಾಂತಿಯಿಂದ ಡೆಲ್ಟಾದಲ್ಲಿ ಬಂದ ದುಡ್ಡನ್ನು ಲೇಸ್ ವ್ಯಾಪಾರಕ್ಕೆ ಹಾಕಿ ರಫ್ತುದಾರರಾದರು. ಜಾತಿ, ಜಮೀನು, ಗಂಡಾಳಿಕೆ, ಲೋಕದ ಮಾರುಕಟ್ಟೆ ಎಲ್ಲವನ್ನೂ ಮೀಸ್ ಒಂದು ನೂಲುಂಡೆಯ ಬೆನ್ನು ಹಿಡಿದು ಹೋಗಿ ಕಾಣಿಸುತ್ತಾರೆ. ಮನೆಯಾಕೆ ಎಂಬ ಪಟ್ಟ ಕಟ್ಟಿದ್ದರಿಂದಲೇ ಕೂಲಿಯನ್ನು ಅಷ್ಟು ಕೆಳಕ್ಕೆ ಒತ್ತಲು ಆಯಿತು ಎಂಬ ಅವರ ತೀರ್ಮಾನಕ್ಕೆ ಪ್ರತಿ ಪುಟದಲ್ಲೂ ಪುರಾವೆ ಇದೆ.

1986ರ ‘ಪೇಟ್ರಿಯಾರ್ಕಿ ಅಂಡ್ ಅಕ್ಯುಮುಲೇಶನ್ ಆನ್ ಎ ವರ್ಲ್ಡ್ ಸ್ಕೇಲ್’ನಲ್ಲಿ ಈ ತೀರ್ಮಾನ ಸಿದ್ಧಾಂತವಾಗಿ ಹಿಗ್ಗಿತು. ಬಂಡವಾಳ ಬೆಳೆಯಲು ತನ್ನ ಹೊರಗಿನದೊಂದನ್ನು ಸದಾ ತಿನ್ನುತ್ತಿರಬೇಕು ಎಂದು ರೋಸಾ ಲಕ್ಸೆಂಬರ್ಗ್ 1913ರಲ್ಲಿ ಹೇಳಿದ್ದರು. ಆ ಹೊರಗಿನದರ ಪಟ್ಟಿಗೆ ಮೀಸ್ ಮತ್ತು ಅವರ ಜೊತೆಗಾರ್ತಿಯರು ಹೆಂಗಸಿನ ಮನೆಗೆಲಸವನ್ನೂ ವಸಾಹತುಗಳನ್ನೂ ಪ್ರಕೃತಿಯನ್ನೂ ಸೇರಿಸಿದರು. ಮೂರೂ ಪುಕ್ಕಟೆ ಸಿಗುತ್ತವೆ ಎಂದುಕೊಂಡೇ ಲಾಭದ ಲೆಕ್ಕ ನಡೆಯುವುದು. ಇದು ಗಟ್ಟಿಯಾದ ಮಾತು. ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ ಕೊಡುತ್ತಿದ್ದರು. ಮೀಸ್ ಹೇಳಿದ್ದನ್ನು ಸರ್ಕಾರವೇ ಗಡಿಯಾರ ಹಿಡಿದು ಒಪ್ಪಿದಂತಾಯಿತು.

1993ರ ಪುಸ್ತಕಕ್ಕೆ ಬಂದರೆ ದನಿ ಬದಲಾಗುತ್ತದೆ. ಶ್ರೀಮಂತ ದೇಶಗಳ ಹಾಗೆ ಎಲ್ಲರೂ ಬದುಕಲು ಭೂಮಿ ಸಾಲದು ಎಂಬ ಮೀಸ್ ಅವರ ಅಧ್ಯಾಯ ಇಂದಿಗೂ ಹಳತಾಗಿಲ್ಲ. ಜನಸಂಖ್ಯೆಯ ಹೊಣೆಯನ್ನು ಬಡ ಹೆಂಗಸರ ತಲೆಗೆ ಕಟ್ಟುವುದನ್ನು ಇಬ್ಬರೂ ಎದುರಿಸುವ ರೀತಿಯೂ ಹಾಗೆಯೇ. ತೊಡಕು ಬರುವುದು ಹೆಣ್ಣು ಮತ್ತು ಪ್ರಕೃತಿ ಹುಟ್ಟಿನಿಂದಲೇ ಒಡನಾಡಿಗಳು ಎಂಬ ಭಾವ ನುಸುಳಿದಾಗ. ಶಿವ ಅವರ 1988ರ ‘ಸ್ಟೇಯಿಂಗ್ ಅಲೈವ್’ನಲ್ಲಿ ಪ್ರಕೃತಿ ಶಕ್ತಿಯಾಗುತ್ತದೆ, ಶಕ್ತಿ ಹೆಣ್ಣಾಗುತ್ತದೆ, ಹಳ್ಳಿಯ ಹೆಂಗಸರೆಲ್ಲ ಅದರ ಕಾವಲುಗಾರ್ತಿಯರಾಗುತ್ತಾರೆ. ಅದೇ ಪುಸ್ತಕ ನೆಲಕ್ಕೆ ಇಳಿದಾಗ ಎಷ್ಟು ಚೆನ್ನಾಗಿದೆ ನೋಡಿ. ಕೋಲಾರದ ರಾಗಿ ಹೊಲ ನೀಲಗಿರಿ ತೋಪಾದಾಗ ಊಟವೂ ಹೋಯಿತು, ಕಳೆ ಕೀಳುವ, ಕೊಯ್ಯುವ ಕೂಲಿಯೂ ಹೋಯಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದ್ದು ಅಲ್ಲಿದೆ. ಅದನ್ನು ಅರ್ಥಮಾಡಿಕೊಳ್ಳಲು ಯಾವ ಶಕ್ತಿತತ್ವವೂ ಬೇಕಿಲ್ಲ.

ಮರ ಉಳಿಸುವ ಚಿಪ್ಕೋ ಚಳವಳಿಯ ವಿಷಯದಲ್ಲೂ ಇದೇ ಕಥೆ. 1974ರ ಮಾರ್ಚ್‌ನಲ್ಲಿ ಹಿಮಾಲಯದ ರೇಣಿ ಹಳ್ಳಿಯ ಗೌರಾದೇವಿ ಮತ್ತು ಜೊತೆಯವರು ಮರಕ್ಕೆ ಅಡ್ಡ ನಿಂತದ್ದು ಪರಿಸರ ಸ್ತ್ರೀವಾದದ ಪುರಾಣವಾಗಿ ಹೋಗಿದೆ. ಚಳವಳಿ ಅದಕ್ಕೂ ಒಂದು ವರ್ಷ ಮೊದಲು ಮೊಳೆತದ್ದು ಬೇಸಾಯದ ಸಲಕರಣೆ ಮಾಡಲು ಆ್ಯಶ್ ಮರ ಕೇಳಿದ ಹಳ್ಳಿಯವರಿಗೆ ಇಲ್ಲವೆಂದು, ಅದೇ ಮರವನ್ನು ಕ್ರೀಡಾ ಸಾಮಗ್ರಿ ಮಾಡುವ ಅಲಹಾಬಾದಿನ ಕಂಪನಿಗೆ ಕೊಟ್ಟಾಗ. ಕಾಡಿನ ಮೇಲಿನ ಹಕ್ಕು ಯಾರದು, ಅದರ ಗಳಿಕೆ ಯಾರದು ಎಂಬ ಜಗಳ ಅದು. ಅದನ್ನು ತಾಯ್ತನದ ಕಥೆಯಾಗಿ ಹೇಳಿದರೆ ಆ ಹೆಂಗಸರ ಲೋಕಜ್ಞಾನವನ್ನೇ ಕಡೆಗಣಿಸಿದಂತೆ.

ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1992ರಲ್ಲೇ ಈ ಎಳೆ ಹಿಡಿದಿದ್ದರು. ಹೆಣ್ಣು ಕಾಡಿಗೆ ಹತ್ತಿರವಾಗಿರುವುದು ಸೌದೆ, ಮೇವು, ನೀರು ತರುವ ಕೆಲಸ ಅವಳ ಪಾಲಿಗೆ ಬಿದ್ದಿರುವುದರಿಂದ. ಜಮೀನಿರುವವಳು ಬೇರೆ, ಇಲ್ಲದವಳು ಬೇರೆ. ಅಗರ್ವಾಲ್ ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಕೃಷಿ ಭೂಮಿಯೂ ಹೆಣ್ಣುಮಕ್ಕಳಿಗೆ ಸಿಗುವಂತೆ ನಡೆದ ಹೋರಾಟದ ಮುಂಚೂಣಿಯಲ್ಲಿದ್ದರು. ಬೀಜ ಕಾಪಾಡುವ ಹೆಣ್ಣನ್ನು ಕೊಂಡಾಡುವವರು ಬಿತ್ತುವ ಹೊಲದ ಪಹಣಿಯಲ್ಲಿ ಯಾರ ಹೆಸರಿದೆ ಎಂದೂ ನೋಡಬೇಕು. ‘ಇಕೋಫೆಮಿನಿಸಂ’ ಅದನ್ನು ನೋಡುವುದು ಅಪರೂಪ.

ಜಾರಿದ್ದು ಶಿವ ಒಬ್ಬರೇ ಅಲ್ಲ, ಮೀಸ್ ಕೂಡ. ಅವರು ಜೊತೆಗೂಡಿ ಬರೆದ 1999ರ ‘ದ ಸಬ್ಸಿಸ್ಟೆನ್ಸ್ ಪರ್ಸ್ಪೆಕ್ಟಿವ್’ನ ಆರಂಭದಲ್ಲಿ ಒಂದು ಕಥೆ ಬರುತ್ತದೆ. ಬಾಂಗ್ಲಾದೇಶದ ಹಳ್ಳಿಗೆ ಬಂದ ಹಿಲರಿ ಕ್ಲಿಂಟನ್‌ರನ್ನು ಅಲ್ಲಿನ ಹೆಂಗಸರು, ನಿಮಗೆ ಹಸು ಇದೆಯೇ, ಸ್ವಂತ ಗಳಿಕೆ ಇದೆಯೇ ಎಂದು ಕೇಳುತ್ತಾರೆ. ಇಲ್ಲವೆಂದಾಗ ಅಯ್ಯೋ ಪಾಪ ಎನ್ನುತ್ತಾರೆ. ಓದುತ್ತ ನಗು ಬರುತ್ತದೆ. ಆದರೆ ಅದು ಗ್ರಾಮೀಣ ಬ್ಯಾಂಕಿನ ಕಿರುಸಾಲ ಓಡಾಡುತ್ತಿದ್ದ ಊರು. ಕಥೆ ಹೇಳುವ ಸಂಭ್ರಮದಲ್ಲಿ ಮುಂದೆ ಬರುವುದು ಹಸು, ವಾರದ ಕಂತು ಹಿಂದೆ ಸರಿಯುತ್ತದೆ.

ನರಸಾಪುರದ ದಾರಿಯನ್ನೇ ಮುಂದುವರಿಸಿದ್ದರೆ ಏನು ಕಾಣುತ್ತಿತ್ತು? ನಮ್ಮ ಕರಾವಳಿಯ ಬೀಡಿಯನ್ನೇ ತೆಗೆದುಕೊಳ್ಳಬಹುದು. ಎಲೆ ಬರುವುದು ಮಧ್ಯ ಭಾರತದ ಕಾಡುಗಳಿಂದ. ಅಲ್ಲಿ ಆದಿವಾಸಿ ಹೆಂಗಸರು ಬೇಸಿಗೆಯಲ್ಲಿ ಎಲೆ ಕಿತ್ತು ಐವತ್ತೈವತ್ತರ ಕಟ್ಟು ಕಟ್ಟುತ್ತಾರೆ. ದಕ್ಷಿಣ ಕನ್ನಡದ ಮನೆಯ ಜಗಲಿಯಲ್ಲಿ ಇನ್ನೊಬ್ಬಳು ಅದೇ ಎಲೆಯನ್ನು ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಎಣಿಸಿ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುತ್ತಾಳೆ. ಇಬ್ಬರೂ ಪ್ರಕೃತಿಯ ಮಕ್ಕಳು ಎಂದರೆ ಕೇಳಲು ಹಿತ. ಎಲೆಯ ದರ ಏರಿದರೆ ಸುತ್ತುವವಳ ಕೂಲಿಯನ್ನು ಅದುಮಲು ಮಾಲೀಕನಿಗೊಂದು ನೆಪ ಸಿಗುತ್ತದೆ ಎಂಬುದು ಆ ಮಾತಿನೊಳಗೆ ಅಡಗಿಹೋಗುತ್ತದೆ.

ಲೇಸ್‌ನವರಿಗೆ ಸಿಗದ ಒಂದು ಈ ಬೀಡಿಯವರಿಗೆ ಸಿಕ್ಕಿತು. ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ 1966ರ ಬೀಡಿ ಕಾಯ್ದೆ ಕಾರ್ಮಿಕರೆಂದು ಒಪ್ಪಿತು. 1977ರಲ್ಲಿ ಭವಿಷ್ಯನಿಧಿ ಬೀಡಿ ಉದ್ದಿಮೆಗೂ ಬಂತು. ಮನೆಯಲ್ಲಿ ತಮಗೆ ಬೇಕಾದ ಹೊತ್ತಿಗೆ ಕಟ್ಟುವವರು ನಮ್ಮ ನೌಕರರು ಹೇಗಾದಾರು, ಅವರ ಮೇಲೆ ನಮ್ಮ ಹಿಡಿತವೆಲ್ಲಿದೆ ಎಂದು ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1985ರ ತೀರ್ಪಿನಲ್ಲಿ ನ್ಯಾಯಾಲಯ ಹಿಡಿತವನ್ನು ಕಂಡದ್ದು, ತಂದ ಬೀಡಿಯನ್ನು ಕಳಪೆ ಎಂದು ಬದಿಗೆ ತಳ್ಳುವ ಮಾಲೀಕರ ಹಕ್ಕಿನಲ್ಲಿ.